ಹೊಸ ಸ್ಕೂಟರಿನ ಇಂಜಿನ್ ಪಳಗಿಸುವ ಬಗೆ

ಮೈಸೂರಿನಲ್ಲಿ ಹೊಸ ಸ್ಕೂಟರ್ ಕೊಂಡವರಲ್ಲಿ ಅನೇಕರು ಶೋರೂಮಿನಿಂದ ಹೊರಟವರೇ ಮೊದಲು ಪೆಟ್ರೋಲ್ ಬಂಕಿಗೆ, ಅಲ್ಲಿಂದ ನೇರವಾಗಿ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ. ಹಿಂದಿನ ಸೀಟಿನಲ್ಲಿ ಹೆಂಡತಿ, ಕಾಲಿಡುವ ಜಾಗದಲ್ಲಿ ನಿಂತ ಮಗು, ಕೊಕ್ಕೆಗೆ ನೇತುಹಾಕಿದ ಹಣ್ಣುಕಾಯಿಯ ಚೀಲ, ಇಷ್ಟನ್ನೂ ಹೊತ್ತುಕೊಂಡು, ಓಡೋಮೀಟರಿನಲ್ಲಿ ಇನ್ನೂ ಹತ್ತು ಕಿಲೋಮೀಟರ್ ಕೂಡ ತೋರದ ಇಂಜಿನ್ ಬೆಟ್ಟದ ಏರನ್ನು ಹತ್ತುತ್ತದೆ. ಬೆಟ್ಟಕ್ಕೆ ಹೋಗಬೇಡಿ ಎನ್ನಲು ನಾನು ಇದನ್ನು ಬರೆಯುತ್ತಿಲ್ಲ. ನನ್ನ ಸ್ಕೂಟರೂ ಮೊದಲ ದಿನವೇ ಅಲ್ಲಿಗೆ ಹೋಗಿ ಬಂದದ್ದೇ. ಆದರೆ ಆ ಏರನ್ನು ಹೇಗೆ ಹತ್ತಬೇಕು, ಅದಕ್ಕೂ ಮೊದಲು ಏನೇನು ನೋಡಿಕೊಳ್ಳಬೇಕು, ಮುಂದಿನ ಸಾವಿರ ಕಿಲೋಮೀಟರ್ ಉದ್ದಕ್ಕೂ ಇಂಜಿನ್ನನ್ನು ಹೇಗೆ ಪಳಗಿಸಬೇಕು ಎಂಬುದನ್ನು, ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ 110 ಮತ್ತು 125 ಸಿಸಿಯ ಫೋರ್ ಸ್ಟ್ರೋಕ್ ಸ್ಕೂಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ವಿದ್ಯುತ್ ಸ್ಕೂಟರ್ ಕೊಂಡವರಿಗೆ ಇದರಲ್ಲಿ ಟಯರು ಮತ್ತು ಬ್ರೇಕಿನ ಮಾತು ಬಿಟ್ಟರೆ ಉಳಿದದ್ದು ಅನ್ವಯಿಸುವುದಿಲ್ಲ.

ಕೀ ಕೈಗಿಡುವಾಗ ಶೋರೂಮಿನವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಫಸ್ಟ್ ಸರ್ವೀಸ್ ಆಗೋವರೆಗೂ ನಲವತ್ತು ದಾಟಿಸಬೇಡಿ ಸಾರ್.’ ಈ ಮಾತು ತಪ್ಪಲ್ಲ, ಆದರೆ ಅದರಲ್ಲಿ ಇರುವುದು ಅರ್ಧ ವಿಷಯ ಮಾತ್ರ. ಗೇರ್ ಇರುವ ಬೈಕಿನಲ್ಲಿ ಯಾವ ಗೇರಿಗೆ ಎಷ್ಟು ವೇಗ ಎಂದು ಕಂಪನಿ ಬರೆದುಕೊಟ್ಟರೆ ಅದರಿಂದ ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಸ್ಕೂಟರಿನಲ್ಲಿ ಗೇರಿನ ಜಾಗದಲ್ಲಿ ಬೆಲ್ಟು ಮತ್ತು ವೇರಿಯೇಟರ್ ಇವೆ. ಚಕ್ರಕ್ಕೂ ಇಂಜಿನ್ನಿಗೂ ನಡುವಿನ ಅನುಪಾತವನ್ನು ಅವು ಕ್ಷಣಕ್ಷಣಕ್ಕೂ ಬದಲಿಸುತ್ತಿರುತ್ತವೆ. ಆದ್ದರಿಂದ ಇಬ್ಬರನ್ನು ಕೂರಿಸಿಕೊಂಡು ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಮೂವತ್ತರ ವೇಗದಲ್ಲಿ ಹೋಗುವ ಸ್ಕೂಟರಿನ ಇಂಜಿನ್, ಸಮತಟ್ಟಾದ ರಸ್ತೆಯಲ್ಲಿ ಒಬ್ಬರೇ ಹಗುರವಾಗಿ ನಲವತ್ತೈದರಲ್ಲಿ ಹೋಗುವ ಸ್ಕೂಟರಿನ ಇಂಜಿನ್ನಿಗಿಂತ ಹೆಚ್ಚು ಸುತ್ತು ತಿರುಗುತ್ತಿರುತ್ತದೆ, ಹೆಚ್ಚು ಕಾಯುತ್ತಿರುತ್ತದೆ. ಮೀಟರಿನ ಮುಳ್ಳು ಮಾತ್ರ ಮೊದಲನೆಯವನೇ ಸಾಧು ಎನ್ನುತ್ತದೆ. ಸ್ಕೂಟರ್ ಪಳಗಿಸುವವರು ಹಿಡಿತದಲ್ಲಿ ಇಟ್ಟುಕೊಳ್ಳಬೇಕಾದದ್ದು ಬಲಗೈಯ ಮಣಿಕಟ್ಟನ್ನು. ವೇಗ ಅದರ ಹಿಂದೆ ಬರುತ್ತದೆ.

ಇಷ್ಟಕ್ಕೂ ಪಳಗುವುದು ಏನು? ಹೋಂಡಾ ಆಕ್ಟಿವಾ 6ಜಿಯ ಇಂಜಿನ್ನನ್ನೇ ತೆಗೆದುಕೊಳ್ಳೋಣ. ಅದರ ಬೋರಿನ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಯ, ವ್ಯಾಸ 47 ಮಿಲಿಮೀಟರ್, ಪಿಸ್ಟನ್ ಒಂದು ಸಲ ಮೇಲೆ ಹೋಗುವ ದೂರ ಸುಮಾರು 63 ಮಿಲಿಮೀಟರ್. ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಈ ಪುಟ್ಟ ಪಿಸ್ಟನ್ ಸೆಕೆಂಡಿಗೆ ನೂರು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಅಂದರೆ ಒಂದೇ ಸೆಕೆಂಡಿನಲ್ಲಿ ಹನ್ನೆರಡು ಮೀಟರಿಗೂ ಹೆಚ್ಚು ದೂರ ಬೋರಿನ ಗೋಡೆಯನ್ನು ಉಜ್ಜುತ್ತದೆ. ಹೊಸ ಬೋರಿನ ಒಳಗೋಡೆ ಕನ್ನಡಿಯಂತೆ ನಯವಾಗಿರುವುದಿಲ್ಲ, ಇರಲೂ ಬಾರದು. ಕಾರ್ಖಾನೆಯಲ್ಲಿ ಹೋನಿಂಗ್ ಕಲ್ಲಿನಿಂದ ಅದರ ಮೇಲೆ ಚಾಪೆಯ ಹೆಣಿಗೆಯಂತೆ ಓರೆಯಾಗಿ ಒಂದನ್ನೊಂದು ಹಾಯುವ ಗೀರುಗಳನ್ನು ಎಳೆದಿರುತ್ತಾರೆ. ಅವುಗಳ ಆಳ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಗೀರಿನ ತಗ್ಗುಗಳಲ್ಲಿ ಆಯಿಲ್ ನಿಲ್ಲುತ್ತದೆ, ಉಬ್ಬುಗಳ ಮೇಲೆ ಪಿಸ್ಟನ್ನಿನ ಸುತ್ತ ತೊಡಿಸಿದ ಲೋಹದ ಬಳೆಗಳು, ಅಂದರೆ ಪಿಸ್ಟನ್ ರಿಂಗುಗಳು, ಉಜ್ಜುತ್ತವೆ. ಉಬ್ಬುಗಳ ತುದಿ ಸವೆದು, ರಿಂಗಿನ ಅಂಚೂ ಸವೆದು, ಎರಡೂ ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಾಗ ‘ರಿಂಗ್ ಕೂತಿತು’ ಎನ್ನುತ್ತಾರೆ ಮೆಕ್ಯಾನಿಕ್‌ಗಳು. ಆಮೇಲೆ ಉರಿದ ಅನಿಲ ಕೆಳಗೆ ಸೋರುವುದಿಲ್ಲ, ಕೆಳಗಿನ ಆಯಿಲ್ ಮೇಲೆ ಹೋಗಿ ಸುಡುವುದಿಲ್ಲ.

ಹೊಸ ಒರಳುಕಲ್ಲನ್ನು ಮನೆಗೆ ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲಿಗೂ ಗುಂಡಿಗೂ ಹೊಂದಾಣಿಕೆಯಾಗುವವರೆಗೆ ಅದರಲ್ಲಿ ಹೊಟ್ಟನ್ನೋ ಅಕ್ಕಿಯನ್ನೋ ರುಬ್ಬಿ ಚೆಲ್ಲುತ್ತಾರೆ. ಆ ಮೊದಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆಯೆಂದು ಯಾರೂ ಅದನ್ನು ತಿನ್ನುವುದಿಲ್ಲ. ಇಂಜಿನ್ನಿನಲ್ಲಿ ಆ ಮೊದಲ ಹಿಟ್ಟಿನ ಜಾಗದಲ್ಲಿ ಇರುವುದು ಮೊದಲ ಆಯಿಲ್. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ರಿಂಗುಗಳನ್ನು ಗೋಡೆಗೆ ಒತ್ತಿ ಹಿಡಿಯುವುದು ಅವುಗಳ ಸ್ವಂತ ಬಿಗುವು ಮಾತ್ರವಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲದ ಒತ್ತಡ ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಹೀಗಾಗಿ ಇಂಜಿನ್ನಿಗೆ ಕೆಲಸವನ್ನೇ ಕೊಡದೆ, ಮೂವತ್ತರಲ್ಲೇ ಗಂಟೆಗಟ್ಟಲೆ ಒಂದೇ ಸಮನೆ ಉರುಳಿಸಿದರೆ ಒತ್ತಡ ಸಾಲದೆ ಉಬ್ಬುಗಳು ಸವೆಯುವುದಿಲ್ಲ. ಆಯಿಲ್ ಮಾತ್ರ ಸ್ವಲ್ಪಸ್ವಲ್ಪವೇ ಸುಟ್ಟು ಗೀರುಗಳ ತಗ್ಗಿನಲ್ಲಿ ವಾರ್ನಿಷ್ ಬಳಿದಂತೆ ಕೂತುಬಿಡುತ್ತದೆ. ಒಮ್ಮೆ ಹಾಗೆ ಹೊಳಪು ಕಟ್ಟಿದ ಬೋರಿನಲ್ಲಿ ರಿಂಗ್ ಕೂರಿಸುವುದು ಕಷ್ಟ. ಇನ್ನೊಂದು ಕಡೆ, ಮೊದಲ ದಿನವೇ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಹತ್ತಾರು ಕಿಲೋಮೀಟರ್ ಓಡಿಸಿದರೆ ಉಬ್ಬುಗಳ ತುದಿಯಲ್ಲಿ ಕಾವು ಏರಿ, ಆಯಿಲಿನ ಪೊರೆ ಹರಿದು, ಲೋಹಕ್ಕೆ ಲೋಹ ತಾಗಿ ಗೋಡೆ ತರಚುತ್ತದೆ. ಬೇಕಾದದ್ದು ಇವೆರಡರ ನಡುವಿನದು: ಒಂದಿಷ್ಟು ಭಾರ, ತಕ್ಷಣ ಒಂದಿಷ್ಟು ಬಿಡುವು, ಮತ್ತೆ ಭಾರ. ಈ ಏರಿಳಿತವೇ ಪಳಗಿಸುವ ಕೆಲಸದ ತಿರುಳು. ಮೆಲ್ಲಗೆ ಓಡಿಸಿದರೆ ಸಾಕೆಂದುಕೊಂಡವರು ಈ ಒಂದನ್ನೇ ತಪ್ಪಿಸಿಕೊಳ್ಳುತ್ತಾರೆ.

ಮನೆಯ ಹಿರಿಯರೂ ಓಣಿಯ ಹಳೆಯ ಮೆಕ್ಯಾನಿಕ್‌ಗಳೂ ಕೊಡುವ ಸಲಹೆಗಳು ಇದಕ್ಕಿಂತ ಬೇರೆಯಾಗಿರುವುದಕ್ಕೆ ಕಾರಣವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಜಾವಾ, ಯೆಜ್ದಿಗಳನ್ನು ಮಾಡಿ ಕಳಿಸುತ್ತಿತ್ತು. ಅವು ಟೂ ಸ್ಟ್ರೋಕ್ ಗಾಡಿಗಳು, ಅಂದಿನ ಬಜಾಜ್ ಚೇತಕ್ ಕೂಡ ಹಾಗೆಯೇ. ಅವುಗಳಲ್ಲಿ ಪಿಸ್ಟನ್ನಿಗೆ ಸಿಗುತ್ತಿದ್ದ ಆಯಿಲ್ ಎಂದರೆ ಪೆಟ್ರೋಲಿನಲ್ಲಿ ಬೆರೆಸಿದ್ದು ಮಾತ್ರ. ಹೊಸ ಗಾಡಿಯನ್ನು ಕಾಯಿಸಿದರೆ ಅಲ್ಯೂಮಿನಿಯಮ್ ಪಿಸ್ಟನ್ ಹಿಗ್ಗಿ ಬೋರಿನಲ್ಲಿ ಕಚ್ಚಿಕೊಂಡು ಹಿಂದಿನ ಚಕ್ರವೇ ನಿಂತುಬಿಡುತ್ತಿತ್ತು. ಅದನ್ನು ಕಣ್ಣಾರೆ ಕಂಡವರು ‘ಮೂವತ್ತು ದಾಟಬೇಡ, ಐದು ಮೈಲಿಗೊಮ್ಮೆ ನಿಲ್ಲಿಸಿ ತಣ್ಣಗಾಗಿಸು’ ಎಂದರೆ ಅವರ ಅನುಭವಕ್ಕೆ ಅದು ಸರಿ. ಇಂದಿನ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಆಯಿಲ್ ಪಂಪು ಇದೆ, ಗಾಳಿ ಬೀಸುವ ಫ್ಯಾನು ಇದೆ, ಭಾಗಗಳ ಅಳತೆಯೂ ಬಹಳ ಕರಾರುವಾಕ್ಕಾಗಿದೆ. ಪಿಸ್ಟನ್ ಜಾಮ್ ಆಗುವ ಭಯ ಈಗ ಇಲ್ಲವೆಂದೇ ಹೇಳಬಹುದು. ಹಾಗಿದ್ದ ಮೇಲೆ ಪಳಗಿಸುವುದೇ ಬೇಡ ಎನ್ನುವವರೂ ಇದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಕಂಪನಿಗಳೇ ಇಂದಿಗೂ ಮಾಲೀಕರ ಕೈಪಿಡಿಯಲ್ಲಿ ಇದಕ್ಕೆ ಜಾಗ ಕೊಟ್ಟಿವೆ. ಹೋಂಡಾ ಮೊದಲ 500 ಕಿಲೋಮೀಟರ್‌ವರೆಗೆ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಹೊರಡುವುದನ್ನೂ ರಭಸವಾಗಿ ವೇಗ ಏರಿಸುವುದನ್ನೂ ಗಟ್ಟಿಯಾಗಿ ಬ್ರೇಕ್ ಹಾಕುವುದನ್ನೂ ಬೇಡವೆನ್ನುತ್ತದೆ. ಬೇರೆ ಕಂಪನಿಗಳ ಲೆಕ್ಕ ಬೇರೆ ಇರಬಹುದು. ಈ ಲೇಖನಕ್ಕೂ ನಿಮ್ಮ ಕೈಪಿಡಿಗೂ ಎಲ್ಲಿಯಾದರೂ ವ್ಯತ್ಯಾಸ ಬಂದರೆ ಕೈಪಿಡಿಯನ್ನೇ ನಂಬಿ.

ಗಾಡಿ ಕೈಗೆ ಬರುವ ದಿನ

ಶೋರೂಮಿನಲ್ಲಿ ಹೂಮಾಲೆ ಹಾಕಿ ಫೋಟೋ ತೆಗೆಯುವ ಮೊದಲು ಐದು ನಿಮಿಷ ನಿಮ್ಮದಾಗಿಸಿಕೊಳ್ಳಿ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಇಂಜಿನ್ ಆರಿಸಿ ಎರಡು ಮೂರು ನಿಮಿಷವಾದ ಮೇಲೆ ಆಯಿಲಿನ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಬೇಕು. ಹಲವು ಮಾದರಿಗಳಲ್ಲಿ ಅಳತೆ ನೋಡುವಾಗ ಡಿಪ್‌ಸ್ಟಿಕ್ಕನ್ನು ತಿರುಗಿಸಿ ಬಿಗಿಯದೆ ಬರಿದೇ ಕೂರಿಸಬೇಕು. ತಿರುಗಿಸಿ ಬಿಗಿದು ನೋಡಿದರೆ ಇರುವುದಕ್ಕಿಂತ ಹೆಚ್ಚು ಆಯಿಲ್ ಇದ್ದಂತೆ ಕಾಣುತ್ತದೆ. ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಆಯಿಲ್ ಇರಬೇಕು. ಈ ಸ್ಕೂಟರುಗಳಲ್ಲಿ ಇರುವುದೇ ಮುಕ್ಕಾಲು ಲೀಟರಿನ ಆಸುಪಾಸು ಆಯಿಲ್, ನೂರು ಎಂ.ಎಲ್. ಕಡಿಮೆಯಿದ್ದರೂ ಅದು ದೊಡ್ಡ ಕೊರತೆಯೇ. ಟಯರಿನ ಗಾಳಿಯನ್ನೂ ಆಗಲೇ ಅಳೆಸಿ, ಏಕೆಂದರೆ ಸಾಗಣೆಗೆಂದು ಹೆಚ್ಚು ಗಾಳಿ ತುಂಬಿರುವುದುಂಟು. ಹೊಸ ಗಾಡಿಯ ಟ್ಯಾಂಕಿನಲ್ಲಿ ಬಂಕಿಗೆ ಮುಟ್ಟುವಷ್ಟೇ ಪೆಟ್ರೋಲ್ ಇರುತ್ತದೆ. ಪೆಟ್ರೋಲನ್ನು ಇಂಜಿನ್ನಿಗೆ ಸಿಂಪಡಿಸುವ ಇಂಜೆಕ್ಷನ್ ಗಾಡಿಗಳ ಪಂಪು ಟ್ಯಾಂಕಿನೊಳಗೇ ಪೆಟ್ರೋಲಿನಲ್ಲಿ ಮುಳುಗಿ ತಣ್ಣಗಿರುವುದರಿಂದ ಟ್ಯಾಂಕನ್ನು ಪೂರ್ತಿ ಬರಿದಾಗಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬಿಡಬೇಕು.

ಪೂಜೆಯ ವಿಷಯದಲ್ಲಿ ಒಂದೆರಡು ಮಾತು. ಹೂಮಾಲೆಯನ್ನು ಹ್ಯಾಂಡಲಿಗೆ ಕಟ್ಟುವಾಗ ಅದು ಚಕ್ರಕ್ಕೆ ಸಿಕ್ಕದಂತೆ ನೋಡಿಕೊಳ್ಳಿ. ಇಂಜಿನ್ನಿನ ಪಕ್ಕದಲ್ಲಿ ಜಾಲರಿಯಂತಿರುವ ಫ್ಯಾನಿನ ಮುಚ್ಚಳದ ಮೇಲೆ ಮಾಲೆಯನ್ನಾಗಲಿ ಬಟ್ಟೆಯನ್ನಾಗಲಿ ಇಳಿಬಿಡಬೇಡಿ. ಬೋರು ತಣ್ಣಗಾಗುವುದು ಆ ದಾರಿಯಿಂದ ಬರುವ ಗಾಳಿಯಲ್ಲಿ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದರೆ ಅರಿಸಿನ ಕುಂಕುಮವನ್ನು ಮಡ್ಗಾರ್ಡಿಗೆ ಹಚ್ಚಿ, ಡಿಸ್ಕಿಗೆ ಬೇಡ. ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸುವ ಮುಂಚೆ ಹತ್ತು ನಿಮಿಷ ಇಂಜಿನ್ನನ್ನು ನಿಂತಲ್ಲೇ ಓಡಲು ಬಿಟ್ಟು ಮಂತ್ರ ಮುಗಿಯುವುದನ್ನು ಕಾಯುವವರನ್ನು ನೋಡಿದ್ದೇನೆ. ಸ್ಟ್ಯಾಂಡ್ ಹಾಕಿ ಆಕ್ಸಿಲರೇಟರ್ ಕೊಟ್ಟು ಸದ್ದು ಕೇಳಿಸುವವರೂ ಇದ್ದಾರೆ. ಮೊದಲನೆಯದರಲ್ಲಿ ರಿಂಗಿಗೆ ಒತ್ತಡವಿಲ್ಲ, ಎರಡನೆಯದರಲ್ಲಿ ಭಾರವಿಲ್ಲದ ಬರಿಯ ಸುತ್ತು. ಎರಡರಿಂದಲೂ ಹೊಸ ಬೋರಿಗೆ ಒಳ್ಳೆಯದಾಗುವುದಿಲ್ಲ.

ಮನೆಗೆ ಬಂದ ಮೇಲೆ ನಾನು ಮಾಡುವ ಒಂದು ಸಣ್ಣ ಕೆಲಸವನ್ನು ನೀವೂ ಮಾಡಬಹುದು. ವಿದ್ಯುತ್ ಕೆಲಸಕ್ಕೆ ಬಳಸುವ ಬಿಳಿ ಟೇಪಿನಿಂದ ಬೆರಳಿನ ಉಗುರಿನಷ್ಟು ಅಗಲದ ಎರಡು ತುಂಡು ಕತ್ತರಿಸಿ, ಒಂದನ್ನು ಆಕ್ಸಿಲರೇಟರ್ ಗ್ರಿಪ್ಪಿನ ಒಳ ಅಂಚಿಗೂ ಇನ್ನೊಂದನ್ನು ಅದರ ಪಕ್ಕದಲ್ಲಿರುವ ತಿರುಗದ ಸ್ವಿಚ್ ಪೆಟ್ಟಿಗೆಗೂ, ಆಕ್ಸಿಲರೇಟರ್ ಮುಚ್ಚಿರುವಾಗ ಎರಡೂ ಎದುರುಬದುರಾಗಿರುವಂತೆ ಅಂಟಿಸಿ. ಇಂಜಿನ್ ಆರಿಸಿರುವಾಗಲೇ ಗ್ರಿಪ್ಪನ್ನು ಕೊನೆಯವರೆಗೆ ತಿರುಗಿಸಿ ನೋಡಿ, ಆ ಪೂರ್ತಿ ತಿರುವಿನ ಮೂರನೇ ಒಂದು ಭಾಗಕ್ಕೂ ಅರ್ಧಕ್ಕೂ ಪೆಟ್ಟಿಗೆಯ ಮೇಲೆ ಪೆನ್ನಿನಿಂದ ಗೆರೆ ಹಾಕಿ. ಓಡಿಸುವಾಗ ಅದನ್ನು ನೋಡುತ್ತ ಕೂರಬೇಕಿಲ್ಲ. ಮೊದಲ ಎರಡು ದಿನ ಖಾಲಿ ರಸ್ತೆಯಲ್ಲಿ ಒಮ್ಮೊಮ್ಮೆ ಕಣ್ಣು ಹಾಯಿಸಿದರೆ ಅರ್ಧ ಎಂದರೆ ಎಷ್ಟು ಎಂಬುದು ಮಣಿಕಟ್ಟಿಗೆ ತಿಳಿದುಬಿಡುತ್ತದೆ. ನಾವು ಅರ್ಧ ಎಂದುಕೊಂಡದ್ದು ಮುಕ್ಕಾಲಾಗಿರುತ್ತದೆ ಎಂಬುದು ಈ ಗೆರೆಗಳಿಂದ ನನಗೆ ಮೊದಲು ಗೊತ್ತಾದ ಸಂಗತಿ.

ಮೊದಲ ನೂರು ಕಿಲೋಮೀಟರ್

ಅತಿ ಮುಖ್ಯವಾದ ಹಂತ ಇದು, ಅತಿ ಚಿಕ್ಕದೂ ಇದೇ. ಬೋರಿನ ಉಬ್ಬುಗಳು ಚೂಪಾಗಿರುವುದು ಈಗಲೇ. ಸವೆತದ ಬಹುಪಾಲು ನಡೆಯುವುದೂ ಈಗಲೇ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಈ ವರ್ಗದ ಸ್ಕೂಟರುಗಳಿಗೆ ಕಾರ್ಬ್ಯುರೇಟರಿನ ಬದಲು ಇಂಜೆಕ್ಷನ್ ಬಂದಿರುವುದರಿಂದ ಚೋಕ್ ಎಳೆಯುವ ಕೆಲಸವಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟರೆ ಆಯಿಲ್ ಮೇಲಿನವರೆಗೆ ತಲುಪುತ್ತದೆ. ಅಷ್ಟರಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳಬಹುದು. ಮಡಿಕೇರಿಯ ಚಳಿಯಲ್ಲಾದರೆ ಇನ್ನೊಂದು ನಿಮಿಷ ಸೇರಿಸಿ. ಅಲ್ಲಿಂದ ಮುಂದೆ ಇಂಜಿನ್ ಕಾಯಬೇಕಾದದ್ದು ನಿಂತಲ್ಲಲ್ಲ, ಓಡುತ್ತ: ಮೊದಲ ಎರಡು ಕಿಲೋಮೀಟರ್ ತೀರ ಹಗುರವಾಗಿ, ಆಮೇಲೆ ಮೂರನೇ ಒಂದು ಭಾಗದ ಗೆರೆಯವರೆಗೆ.

ಹೀಗೆ ಕಾಯಿಸಿಕೊಂಡ ಮೇಲೆ ಒಬ್ಬರೇ ಕುಳಿತು, ಇಪ್ಪತ್ತರಿಂದ ನಲವತ್ತರವರೆಗೆ ನಿಧಾನವಾಗಿ ಏರಿಸಿ, ಆಕ್ಸಿಲರೇಟರ್ ಬಿಟ್ಟು ತಾನಾಗಿ ಇಪ್ಪತ್ತೈದಕ್ಕೆ ಇಳಿಯಲು ಬಿಟ್ಟು, ಮತ್ತೆ ಏರಿಸಬೇಕು. ಏರಿಸುವಾಗ ಅನಿಲದ ಒತ್ತಡ ರಿಂಗನ್ನು ಗೋಡೆಗೆ ಒತ್ತುತ್ತದೆ; ಬಿಟ್ಟಾಗ ಬೋರಿನೊಳಗೆ ನಿರ್ವಾತದಂಥ ಸೆಳೆತ ಉಂಟಾಗಿ ಸ್ವಲ್ಪ ಆಯಿಲ್ ಗೋಡೆಗೆ ಬರುತ್ತದೆ, ಗೋಡೆ ತಣಿಯಲು ಸಮಯವೂ ಸಿಗುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿಸಿ ಇಂಜಿನ್ ಆರಿಸಿ ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಹೊರಡುವುದು ಒಳ್ಳೆಯದು. ಹಾಲಿಗೆಂದು ಅರ್ಧ ಕಿಲೋಮೀಟರ್, ತರಕಾರಿಗೆಂದು ಒಂದು ಕಿಲೋಮೀಟರ್ ಹೀಗೆ ಬಿಡಿಬಿಡಿಯಾಗಿ ಓಡಿಸಿದರೆ ಮಾತ್ರ ಉಪಯೋಗವಿಲ್ಲ. ಅಷ್ಟು ದೂರದಲ್ಲಿ ಇಂಜಿನ್ ಕಾಯುವುದೇ ಇಲ್ಲ, ಉರಿಯದ ಪೆಟ್ರೋಲೂ ತೇವವೂ ಆಯಿಲಿಗೆ ಸೇರುತ್ತವೆ. ಮೊದಲ ವಾರ ಆ ಕೆಲಸಗಳಿಗೆ ಹಳೆಯ ಸೈಕಲ್ಲೋ ನಿಮ್ಮ ಕಾಲೋ ಸಾಕು.

ಇನ್ನು ಬೆಟ್ಟದ ಮಾತು. ಮೊದಲ ದಿನವೇ ಹೋಗಲೇಬೇಕೆಂದಿದ್ದರೆ ಮನೆಯವರನ್ನು ನಗರ ಸಾರಿಗೆ ಬಸ್ಸಿನಲ್ಲಿ ಕಳಿಸಿ ನೀವೊಬ್ಬರೇ ಗಾಡಿಯಲ್ಲಿ ಹೋಗಿ. ಅದು ಆಗದಿದ್ದರೆ ಇಬ್ಬರು ಸಾಕು, ಮೂವರು ಬೇಡ. ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಇಂಜಿನ್ ಕಾದಿರಬೇಕು. ಏರಿನಲ್ಲಿ ಅರ್ಧದ ಗೆರೆ ದಾಟಬೇಡಿ, ಗಾಡಿ ಎಷ್ಟು ವೇಗದಲ್ಲಿ ಹೋಗುತ್ತದೋ ಅಷ್ಟರಲ್ಲೇ ಹೋಗಲಿ. ಹಿಂದಿನಿಂದ ಹಾರ್ನ್ ಹೊಡೆಯುವವರಿಗೆ ಎಡಕ್ಕೆ ಸರಿದು ದಾರಿ ಬಿಡಿ. ಆಕ್ಸಿಲರೇಟರ್ ಅರ್ಧಕ್ಕಿದ್ದೂ ಗಾಡಿ ಉಸಿರುಗಟ್ಟಿದಂತೆ ನಿಧಾನವಾದರೆ ಭಾರ ಹೆಚ್ಚಾಗಿದೆ ಎಂದೇ ಅರ್ಥ. ನಂದಿಯ ಕಡೆಗೆ ದಾರಿ ಸಿಗುವಲ್ಲಿ ನಿಲ್ಲಿಸಿ ಇಂಜಿನ್ ಆರಿಸಿ ಹತ್ತು ಹದಿನೈದು ನಿಮಿಷ ಬಿಟ್ಟು ಮುಂದಕ್ಕೆ ಹೋಗಿ. ಹೇಗೂ ನಂದಿಯನ್ನು ನೋಡದೆ ಯಾರೂ ಬರುವುದಿಲ್ಲ. ಇಳಿಯುವಾಗ ಇಂಜಿನ್ ಆರಿಸಿ ಉರುಳಿಸುವ ಉಳಿತಾಯದ ಚಾಳಿ ಯಾವಾಗಲೂ ಅಪಾಯ, ಹೊಸ ಗಾಡಿಯಲ್ಲಂತೂ ಬೇಡವೇ ಬೇಡ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳನ್ನು ಮಾತ್ರ ಮೊದಲ ಸರ್ವೀಸ್ ಆಗುವವರೆಗೆ ಮುಂದಕ್ಕೆ ಹಾಕಿ.

ನೂರರಿಂದ ಐನೂರು, ಐನೂರರಿಂದ ಸಾವಿರ

ನೂರು ದಾಟಿದ ಮೇಲೆ ಅರ್ಧದ ಗೆರೆಯವರೆಗೆ ಬಳಸಬಹುದು; ಸಮತಟ್ಟಿನಲ್ಲಿ ಒಬ್ಬರೇ ಇದ್ದರೆ ಆಗ ವೇಗ ಸುಮಾರು ನಲವತ್ತೈದು ಐವತ್ತರಲ್ಲಿ ಇರುತ್ತದೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ರಸ್ತೆಯ ಆಯ್ಕೆ. ಮೈಸೂರಿನ ಹೊರವರ್ತುಲ ರಸ್ತೆಯಂಥ ಅಗಲವಾದ, ತಡೆಯಿಲ್ಲದ ರಸ್ತೆ ನೋಡಲು ಅನುಕೂಲ, ಪಳಗಿಸಲು ಅಲ್ಲ. ಅಲ್ಲಿ ಕೈ ಒಂದೇ ಕಡೆ ನಿಂತುಬಿಡುತ್ತದೆ, ಪಕ್ಕದಲ್ಲಿ ಯಾರಾದರೂ ಹಿಂದಿಕ್ಕಿದರೆ ಮಣಿಕಟ್ಟು ತಾನೇ ತಿರುಗುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಇಂಜಿನ್ನಿನ ಮಟ್ಟಿಗೆ ಹೇಳುವುದಾದರೆ ಅದು ನಷ್ಟವೇನಲ್ಲ, ಏಕೆಂದರೆ ಪಕ್ಕದ ಸರ್ವೀಸ್ ರಸ್ತೆಯೇ ನಮಗೆ ಹೇಳಿ ಮಾಡಿಸಿದ್ದು. ಟಿ. ನರಸೀಪುರದ ಕಡೆಯ ರಸ್ತೆಯಂತೆ ಊರು, ಹಂಪು, ಗದ್ದೆಬಯಲು, ಮತ್ತೆ ಊರು ಎಂದು ಸಾಗುವ ಯಾವ ದಾರಿಯಾದರೂ ಸರಿ. ಅಲ್ಲಿ ನೀವು ಬೇಡವೆಂದರೂ ವೇಗ ಏರಿಳಿಯುತ್ತಲೇ ಇರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಇಂಥ ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಹೋಗಿ ಬಂದರೆ, ನಗರದ ಸಿಗ್ನಲ್ಲುಗಳಲ್ಲಿ ಒಂದು ವಾರ ಓಡಿಸಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಬೆಂಗಳೂರಿನವರಿಗೆ ಇಂಥ ರಸ್ತೆ ಸುಲಭಕ್ಕೆ ಸಿಗದೆಂಬುದು ನನಗೆ ಗೊತ್ತು. ಅವರು ಕನಿಷ್ಠ ಎರಡು ವಿಷಯ ನೋಡಿಕೊಳ್ಳಲಿ. ಒಂದು, ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದ ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸುವುದು. ಇನ್ನೊಂದು ಕ್ಲಚ್ಚಿನದು. ಸ್ಕೂಟರಿಗೆ ಕ್ಲಚ್ ಲಿವರ್ ಇಲ್ಲದಿದ್ದರೂ ಒಳಗೆ ಕ್ಲಚ್ ಇದೆ. ಇಂಜಿನ್ನಿನ ಸುತ್ತು ಹೆಚ್ಚಿದಂತೆ ಅದರ ಪಟ್ಟಿಗಳು ಹೊರಕ್ಕೆ ಸಿಡಿದು ಡ್ರಮ್ಮನ್ನು ಹಿಡಿಯುತ್ತವೆ. ಹೊಸ ಪಟ್ಟಿಗಳೂ ಡ್ರಮ್ಮಿಗೆ ಹೊಂದಿಕೊಳ್ಳಬೇಕಾದವುಗಳೇ. ಟ್ರಾಫಿಕ್ಕಿನಲ್ಲಿ ಸ್ವಲ್ಪವೇ ಆಕ್ಸಿಲರೇಟರ್ ಕೊಟ್ಟು ಇಂಚಿಂಚು ಸರಿಯುತ್ತಿದ್ದರೆ, ಅಥವಾ ಮೇಲ್ಸೇತುವೆಯ ಏರಿನಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರಿನಿಂದಲೇ ಗಾಡಿಯನ್ನು ಹಿಡಿದು ನಿಲ್ಲಿಸಿದರೆ, ಪಟ್ಟಿ ಅರೆಬರೆ ಹಿಡಿದು ಉಜ್ಜಿ ಸುಟ್ಟು ಹೊಳಪು ಕಟ್ಟುತ್ತದೆ. ಆಮೇಲೆ ಗಾಡಿ ಹೊರಡುವಾಗಲೆಲ್ಲ ನಡುಗುತ್ತದೆ. ಮುಂದೆ ಎರಡು ಗಾಡಿಯಷ್ಟು ಜಾಗ ಬಿಡುವವರೆಗೆ ಕಾದು, ಒಮ್ಮೆ ಸರಿಯಾಗಿ ಹೊರಟು, ಮತ್ತೆ ಪೂರ್ತಿ ನಿಲ್ಲಿಸಿ.

ಟಯರು, ಬ್ರೇಕುಗಳಿಗೂ ಪಳಗುವ ಕಾಲವಿದೆ. ಹೊಸ ಟಯರಿನ ಮೇಲ್ಮೈ ಜಾರುತ್ತದೆ; ಮೊದಲ ನೂರೈವತ್ತು ಕಿಲೋಮೀಟರ್ ತಿರುವಿನಲ್ಲಿ ವಾಲಿಸಬೇಡಿ, ಮಳೆಯಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಬ್ರೇಕನ್ನು ಮೆತ್ತಗೆ, ಮುಂಚಿತವಾಗಿ, ಹಲವು ಸಲ ಹಾಕಿ ಪಟ್ಟಿಗಳನ್ನು ಕೂರಿಸಿ.

ಐನೂರು ದಾಟಿ ಮೊದಲ ಸರ್ವೀಸೂ ಆದ ಮೇಲೆ ಮುಕ್ಕಾಲಿನವರೆಗೆ ಹೋಗಬಹುದು, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಬಹುದು, ಐವತ್ತೈದು ಅರವತ್ತಕ್ಕೆ ಏರಿಸಿ ಅರ್ಧ ನಿಮಿಷ ಹಿಡಿದು ಬಿಡಬಹುದು. ಒಂದೇ ವೇಗದಲ್ಲಿ ಬಹಳ ಹೊತ್ತು ಹೋಗಬಾರದೆಂಬ ನಿಯಮ ಮಾತ್ರ ಈ ಹಂತದಲ್ಲೂ ಉಳಿಯುತ್ತದೆ.

ಮೊದಲ ಆಯಿಲ್

ಇಡೀ ವಿಷಯದಲ್ಲಿ ರಾಜಿಗೆ ಜಾಗವೇ ಇಲ್ಲದ ಭಾಗ ಇದು. ಮೊದಲ ಸರ್ವೀಸ್ ಕಂಪನಿಗೆ ತಕ್ಕಂತೆ 500ರಿಂದ 1000 ಕಿಲೋಮೀಟರಿನ ನಡುವೆ, ಅಥವಾ ಕೈಪಿಡಿಯಲ್ಲಿ ಹೇಳಿದಷ್ಟು ದಿನದೊಳಗೆ, ಯಾವುದು ಮೊದಲು ಬರುತ್ತದೋ ಆಗ ಆಗಬೇಕು. ಮುಹೂರ್ತಕ್ಕೆಂದು ಗಾಡಿ ತಂದು ಹೆಚ್ಚು ಓಡಿಸದೆ ನಿಲ್ಲಿಸಿದವರು ಕಿಲೋಮೀಟರನ್ನೇ ನೋಡುತ್ತ ದಿನದ ಲೆಕ್ಕ ಮರೆಯುತ್ತಾರೆ. ಸವೆದ ಉಬ್ಬುಗಳ ಪುಡಿಯೆಲ್ಲ ಸೇರುವುದು ಈ ಆಯಿಲಿಗೆ. ಆಕ್ಟಿವಾದಂಥ ಗಾಡಿಗಳಲ್ಲಿ ಕಾರಿನಂತೆ ಕಾಗದದ ಫಿಲ್ಟರ್ ಇಲ್ಲ, ತಂತಿಯ ಜಾಲರಿಯೊಂದಿದೆ. ದೊಡ್ಡ ಚೂರುಗಳು ಅದರಲ್ಲಿ ನಿಲ್ಲುತ್ತವೆ, ನವಿರು ಪುಡಿ ಆಯಿಲಿನ ಜೊತೆಯೇ ಬೇರಿಂಗುಗಳಿಗೆ ಸುತ್ತು ಹಾಕುತ್ತಿರುತ್ತದೆ. ಅದು ಹೊರಹೋಗಲು ಇರುವ ದಾರಿ ಒಂದೇ, ಆಯಿಲನ್ನು ಬಸಿಯುವುದು.

ನನ್ನ ಹಿಂದಿನ ಸ್ಕೂಟರಿನ ಮೊದಲ ಸರ್ವೀಸ್ ಮಾಡಿಸಿ ತಂದ ಸಂಜೆ, ಬಿಲ್ಲಿನಲ್ಲಿ ಆಯಿಲಿನ ದರ ನಮೂದಾಗಿದ್ದರೂ, ಡಿಪ್‌ಸ್ಟಿಕ್ ಒರೆಸಿದ ಬಿಳಿ ಬಟ್ಟೆಯ ಮೇಲೆ ಕಪ್ಪು ಗೆರೆ ಮೂಡಿತು. ನಾಲ್ಕು ಕಿಲೋಮೀಟರ್ ಓಡಿದ ಹೊಸ ಆಯಿಲ್ ಅಷ್ಟು ಕಪ್ಪಾಗಲು ಸಾಧ್ಯವಿಲ್ಲ. ಮರುದಿನ ಹೋಗಿ, ವಾದ ಮಾಡದೆ, ಎದುರಿಗೇ ಬಸಿಯಿರಿ ಎಂದು ಪಕ್ಕದಲ್ಲಿ ನಿಂತೆ. ಹುಡುಗ ತಟ್ಟೆಯಿಟ್ಟು ಬೋಲ್ಟ್ ಬಿಚ್ಚಿದ. ಆಯಿಲ್ ಮೊದಲು ದಾರವಾಗಿ, ಆಮೇಲೆ ಹನಿಹನಿಯಾಗಿ ಇಳಿಯಿತು. ತಟ್ಟೆಯನ್ನು ಬಿಸಿಲಿಗೆ ಹಿಡಿದು ಸ್ವಲ್ಪ ಓರೆ ಮಾಡಿದಾಗ ಕಪ್ಪು ಎಣ್ಣೆಯ ಮೇಲೆ ಬೆಳ್ಳಿಯ ಪುಡಿ ಕಲಸಿದಂತೆ ಹೊಳಪೊಂದು ಸುಳಿದಾಡಿತು. ಬೆರಳಿಗೆ ಹಚ್ಚಿ ತಿಕ್ಕಿದರೆ ಕಣವೇನೂ ತಾಗಲಿಲ್ಲ, ಬೆರಳ ತುದಿ ಮಾತ್ರ ಮಿನುಗಿತು. ಅಷ್ಟು ನವಿರಾದ ಹೊಳಪು ಹೊಸ ಇಂಜಿನ್ನಿನಲ್ಲಿ ಸಹಜ. ಉಗುರಿಗೆ ಸಿಕ್ಕುವ ಚೂರೋ ಸಿಪ್ಪೆಯಂಥ ಲೋಹವೋ ಬಂದರೆ ಅದು ಸಹಜವಲ್ಲ, ಅಲ್ಲೇ ವಾರಂಟಿಯ ಮಾತೆತ್ತಬೇಕು. ಅಂದಿನಿಂದ ಮೊದಲ ಸರ್ವೀಸಿಗೆ ಗಾಡಿ ಬಿಟ್ಟು ಬರುವ ಅಭ್ಯಾಸವನ್ನೇ ಬಿಟ್ಟಿದ್ದೇನೆ.

ನೀವೂ ಪಕ್ಕದಲ್ಲಿ ನಿಂತರೆ ನೋಡಬೇಕಾದದ್ದು ಇಷ್ಟು: ಇಂಜಿನ್ ಬಿಸಿಯಿರುವಾಗಲೇ ಬಸಿಯಬೇಕು, ಜಾಲರಿಯನ್ನು ತೆಗೆದು ತೊಳೆಯಬೇಕು, ಬಸಿಯುವ ಬೋಲ್ಟಿನ ವಾಷರ್ ಹೊಸದಾಗಿರಬೇಕು, ಆಯಿಲಿನ ಡಬ್ಬಿಯನ್ನು ನಿಮ್ಮ ಎದುರಿಗೇ ಒಡೆಯಬೇಕು. ಸ್ಕೂಟರಿನ ಕ್ಲಚ್ ಆಯಿಲಿನಲ್ಲಿ ಮುಳುಗಿರುವುದಿಲ್ಲವಾದ್ದರಿಂದ ಹೆಚ್ಚಿನ ಕಂಪನಿಗಳು 10ಡಬ್ಲ್ಯೂ-30 ದರ್ಜೆಯ, ಜಾಸೋ (ಜಪಾನಿನ ಮಾನದಂಡ) ಎಂಬಿ ಗುರುತಿನ ಆಯಿಲನ್ನು ಹೇಳುತ್ತವೆ. ಬೈಕಿನದು ಎಂಎ ಗುರುತಿನದು. ಮೊದಲ ಸರ್ವೀಸಿನಲ್ಲೇ ದುಬಾರಿ ಸಿಂಥೆಟಿಕ್ ಹಾಕಿಸಿ ಎಂದು ಒತ್ತಾಯಿಸುವವರಿಗೆ ಕೈಪಿಡಿಯ ಪುಟ ತೋರಿಸಿದರೆ ಸಾಕು. ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಅಂತರ, ಬ್ರೇಕಿನ ಸಡಿಲ, ನಟ್ಟು ಬೋಲ್ಟುಗಳ ಬಿಗಿತ ನೋಡಿಸುವುದನ್ನು ಮರೆಯಬೇಡಿ. ಹಿಂದಿನ ಚಕ್ರದ ಬಳಿಯಿರುವ ಗೇರ್ ಆಯಿಲ್ ಬೇರೆಯದೇ. ಅದನ್ನು ಯಾವಾಗ ಬದಲಿಸಬೇಕೆಂಬುದು ಮಾದರಿಗೊಂದು ರೀತಿ ಇರುತ್ತದೆ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮೊದಲ ಒಂದೆರಡು ದಿನ ಸೈಲೆನ್ಸರಿನಿಂದ ಸುಟ್ಟ ವಾಸನೆ ಬರುತ್ತದೆ, ಸಣ್ಣಗೆ ಹೊಗೆಯೂ ಏಳಬಹುದು. ಕಾರ್ಖಾನೆಯಲ್ಲಿ ಲೋಹಕ್ಕೆ ಬಳಿದ ಎಣ್ಣೆ ಉರಿದು ಹೋಗುವುದು ಅದು. ಗಾಡಿ ನಿಲ್ಲಿಸಿದ ಮೇಲೆ ಟಿಕ್ ಟಿಕ್ ಎಂಬ ಸದ್ದು ಬಿಸಿ ಲೋಹ ತಣಿಯುವಾಗ ಬರುವಂಥದ್ದು. ಮೈಲೇಜ್ ಮೊದಲ ತಿಂಗಳು ಕಡಿಮೆಯೇ ಇರುತ್ತದೆ. ಘರ್ಷಣೆ ಇಳಿದಂತೆ ಅದು ಏರುತ್ತದೆ, ಸಾವಿರ ದಾಟುವ ಮೊದಲು ಲೆಕ್ಕ ಹಾಕಿ ಬೇಸರಪಡುವುದರಲ್ಲಿ ಅರ್ಥವಿಲ್ಲ. ಆದರೆ ಸೈಲೆನ್ಸರಿನ ಬಾಯಿಂದ ನೀಲಿ ಹೊಗೆ ಬರುತ್ತಲೇ ಇದ್ದರೆ, ಸುತ್ತಿಗೆಯಿಂದ ತಟ್ಟಿದಂಥ ಸದ್ದು ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ, ಇಂಜಿನ್ನಿನ ಎಚ್ಚರಿಕೆ ದೀಪ ಓಡುವಾಗಲೂ ಉರಿಯುತ್ತಿದ್ದರೆ, ಸರ್ವೀಸಿನ ದಿನಕ್ಕೆ ಕಾಯಬೇಡಿ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ ಓಡೋಮೀಟರಿನ ಅಂಕಿಯ ಜೊತೆ ಬರೆದಿಡಿ. ಆಯಿಲ್ ಕೂದಲೆಳೆಯಷ್ಟು ಇಳಿದರೆ ರಿಂಗ್ ಇನ್ನೂ ಕೂರುತ್ತಿದೆ ಎನ್ನಬಹುದು. ಮೊದಲ ಸರ್ವೀಸಿಗೂ ಮುಂಚೆಯೇ ಕೆಳಗಿನ ಗುರುತಿಗೆ ಬಂದರೆ ಆ ಬರಹವೇ ನಿಮ್ಮ ಪುರಾವೆ.

ಸಾವಿರ ದಾಟಿದ ಮೇಲೆ ಪೂರ್ತಿ ಆಕ್ಸಿಲರೇಟರ್ ಕೊಡಬಹುದು. ಅದಕ್ಕೂ ಇಂಜಿನ್ ಚೆನ್ನಾಗಿ ಕಾದಿರಬೇಕು, ರಸ್ತೆ ಖಾಲಿಯಿರಬೇಕು, ಮೊದಲ ಕೆಲವು ಸಲ ಹತ್ತು ಸೆಕೆಂಡಿಗೆ ಮುಗಿಯಬೇಕು. ಗ್ರಿಪ್ಪಿನ ಟೇಪನ್ನು ಆಗ ಕಿತ್ತುಹಾಕಿ. ಅಂಟು ಉಳಿದರೆ ಸೀಮೆಎಣ್ಣೆಯೋ ತೆಂಗಿನೆಣ್ಣೆಯೋ ಹಚ್ಚಿ ಒರೆಸಿ, ಗ್ರಿಪ್ಪಿನ ಮೇಲೆ ಜಿಡ್ಡು ಉಳಿಯದಂತೆ ಸೋಪಿನ ನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ.